ಹಳೇ ಅಂಬಾಸಿಡರ್‌ನ ಇಂಟೇಕ್ ನಟ್ಟುಗಳನ್ನು ಸರಿಯಾಗಿ ಬಿಗಿ ಮಾಡುವ ಬಗೆ

ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುತ್ತಿರುವುದು) ಸರಿ ಇಲ್ಲ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಡಿ ಆಫ್. ಚೋಕ್ ಸ್ವಲ್ಪ ಎಳೆದರೆ ಸರಿಹೋಗುತ್ತದೆ, ಒಳಗೆ ತಳ್ಳಿದರೆ ಮತ್ತೆ ಅದೇ ಕಥೆ. ಹಳೇ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆಲ್ಲ ಪರಿಚಯದ ಕಾಯಿಲೆ ಇದು. ಕಾರ್ಬೊರೇಟರ್ ಬಿಚ್ಚಿ ತೊಳೆದಾಯಿತು, ಪಾಯಿಂಟ್ ಬದಲಿಸಿದ್ದಾಯಿತು, ಪ್ಲಗ್ ಹೊಸದು ಹಾಕಿದ್ದಾಯಿತು. ಕೊನೆಗೆ ಯಾರೋ ಒಬ್ಬರು ಬಗ್ಗಿ ನೋಡಿ, "ಮ್ಯಾನಿಫೋಲ್ಡ್‌ನಲ್ಲಿ ಏರ್ ಹೊಡೀತಿದೆ ಸಾರ್" ಅನ್ನುತ್ತಾರೆ. ಅಂದರೆ ಗಾಳಿ, ಪೆಟ್ರೋಲನ್ನು ಎಂಜಿನ್ ಒಳಗೆ ಒಯ್ಯುವ ಕೊಳವೆ (ಇಂಟೇಕ್ ಮ್ಯಾನಿಫೋಲ್ಡ್) ಎಂಜಿನ್ ಹೆಡ್ಡಿಗೆ ಸೇರುವ ಕಡೆ ಹೊರಗಿನ ಗಾಳಿ ನುಗ್ಗುತ್ತಿದೆ. ಸ್ಪ್ಯಾನರ್ ಹಾಕಿ ಸಿಕ್ಕಿದ ನಟ್ಟುಗಳನ್ನೆಲ್ಲ ಜಗ್ಗಿ ಬಿಗಿ ಮಾಡುತ್ತಾರೆ. ಎರಡು ದಿನ ಗಾಡಿ ಚೆನ್ನಾಗಿರುತ್ತದೆ. ಆಮೇಲೆ ಮತ್ತೆ ಶುರು.

ಆ ನಟ್ಟುಗಳಿಗೆ ಬೇಕಿರುವುದು ಬರೀ 2 ಕೆಜಿ-ಮೀಟರ್ ಚಿಲ್ಲರೆ ಬಲ. ಚಕ್ರದ ನಟ್ಟಿಗೆ ಹಾಕುವುದಕ್ಕಿಂತ ತುಂಬಾ ಕಮ್ಮಿ. ಇಲ್ಲಿ ಗಾಳಿ ಒಳಗೆ ನುಗ್ಗುವುದು ಬಿಗಿ ಸಾಲದೆ ಅನ್ನುವುದಕ್ಕಿಂತ, ಬಿಗಿ ಎಲ್ಲ ಕಡೆ ಒಂದೇ ಸಮ ಇಲ್ಲದೆ. ಒಂದು ನಟ್ಟು ಕಮ್ಮಿ, ಪಕ್ಕದ್ದು ಜಾಸ್ತಿ, ನಡುವೆ ಫ್ಲ್ಯಾಂಜ್ (ಹೆಡ್ಡಿನ ಮೇಲೆ ಕೂರುವ ಮ್ಯಾನಿಫೋಲ್ಡಿನ ಚಪ್ಪಟೆ ಅಂಚು) ಕೂದಲೆಳೆಯಷ್ಟು ಮೇಲೆದ್ದಿದೆ. ಅಂಥ ಕಡೆ ಇನ್ನಷ್ಟು ಜಗ್ಗಿದರೆ ಫ್ಲ್ಯಾಂಜ್ ಇನ್ನಷ್ಟು ಬಾಗುತ್ತದೆ, ಅಷ್ಟೇ.

ನಾನಿಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಇರುವ ಅಂಬಾಸಿಡರ್ ಬಗ್ಗೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಎಂಜಿನ್ ಅದು. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್ನೂ ಇದೇ ಮನೆತನದ್ದು. ಇದರಿಂದ ನಮಗೊಂದು ಲಾಭ ಇದೆ. ಅಂಬಾಸಿಡರ್ ಪುಸ್ತಕ ಕೈಗೆ ಸಿಗದವರು ಎಂಜಿಬಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ನೋಡಿದರೂ ಮ್ಯಾನಿಫೋಲ್ಡ್ ಕೆಲಸ ಅರ್ಥವಾಗುತ್ತದೆ. ಅದರಲ್ಲಿ ಮ್ಯಾನಿಫೋಲ್ಡ್ ನಟ್ಟಿಗೆ ಕೊಟ್ಟಿರುವ ಟಾರ್ಕ್ (ತಿರುಗಿಸುವ ಬಲ) 15 ಫುಟ್-ಪೌಂಡ್. ಅಂದರೆ ಸುಮಾರು 20 ನ್ಯೂಟನ್ ಮೀಟರ್, ಅಥವಾ 2.1 ಕೆಜಿ-ಮೀಟರ್. ಮಾರುತಿ 800 ಇರುವವರಿಗೆ ಬೇಕಾದ ವ್ಯತ್ಯಾಸಗಳನ್ನು ಕೊನೆಯಲ್ಲಿ ಹೇಳಿದ್ದೇನೆ.

ಲೀಕ್ ನಿಜಕ್ಕೂ ಅಲ್ಲೇ ಇದೆಯಾ?

ಸ್ಪ್ಯಾನರ್ ಎತ್ತುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಐಡ್ಲಿಂಗ್ ಕೆಡಿಸುವ ಗಾಳಿ ಬೇರೆ ದಾರಿಗಳಿಂದಲೂ ಬರುತ್ತದೆ: ಕಾರ್ಬೊರೇಟರ್ ಬುಡದ ಪ್ಯಾಕಿಂಗ್, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು, ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪು. ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಥ್ರಾಟಲ್ ಸ್ಪಿಂಡಲ್, ಅಂದರೆ ಆಕ್ಸಿಲರೇಟರ್ ಒತ್ತಿದಾಗ ಕಾರ್ಬೊರೇಟರ್ ಒಳಗೆ ತಿರುಗುವ ಸರಳು. ಅದರ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಸ್ಪಿಂಡಲ್ ಸವೆದಿದೆ. ಹಾಗಿದ್ದಾಗ ಮ್ಯಾನಿಫೋಲ್ಡ್ ನಟ್ಟುಗಳನ್ನು ಎಷ್ಟು ಬಿಗಿ ಮಾಡಿದರೂ ಉಪಯೋಗವಿಲ್ಲ.

ಲೀಕ್ ಹುಡುಕಲು ಗ್ಯಾರೇಜುಗಳಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವ ರೂಢಿ ಇದೆ. ಸ್ಪ್ರೇ ಒಳಗೆ ಹೋದರೆ ಎಂಜಿನ್ ರೇಸ್ ಬದಲಾಗುತ್ತದೆ, ಲೀಕ್ ಸಿಕ್ಕಿತು ಅಂತ ಲೆಕ್ಕ. ಬೇರೆ ಗಾಡಿಗಳಲ್ಲಿ ಇರಲಿ, ಅಂಬಾಸಿಡರ್‌ನಲ್ಲಿ ದಯವಿಟ್ಟು ಇದನ್ನು ಮಾಡಬೇಡಿ. ಈ ಎಂಜಿನ್‌ನಲ್ಲಿ ಇಂಟೇಕ್, ಎಕ್ಸಾಸ್ಟ್ (ಹೊಗೆ ಹೊರಹೋಗುವ ಮ್ಯಾನಿಫೋಲ್ಡ್) ಎರಡೂ ಒಂದೇ ಪಕ್ಕದಲ್ಲಿವೆ. ನೀವು ಹೊಡೆದ ಸ್ಪ್ರೇ ನೇರವಾಗಿ ಕಾದ ಎಕ್ಸಾಸ್ಟ್ ಮೇಲೆ ಬೀಳುತ್ತದೆ. ಬೆಂಕಿ ಹತ್ತಲು ಅಷ್ಟು ಸಾಕು.

ಅದರ ಬದಲು ನೀರು ಬಳಸಿ. ಗಿಡಕ್ಕೆ ಹೊಡೆಯುವ ಸಣ್ಣ ಸ್ಪ್ರೇ ಬಾಟಲಿ ಸಾಕು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಎಕ್ಸಾಸ್ಟ್ ಕಾಯುವ ಮೊದಲೇ, ಮೊದಲ ಒಂದೆರಡು ನಿಮಿಷದಲ್ಲಿ, ಹೆಡ್ಡಿಗೂ ಇಂಟೇಕ್‌ಗೂ ನಡುವಿನ ಜಾಯಿಂಟ್ ಮೇಲೆ ಮಂಜಿನ ಹಾಗೆ ಸ್ವಲ್ಪ ಹೊಡೆಯಿರಿ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್ ಕಡೆ ಹೋಗದಂತೆ ನೋಡಿಕೊಳ್ಳಿ. ಸಂದಿಯಲ್ಲಿ ನೀರು ಕ್ಷಣ ಕಾಲ ಅಡ್ಡ ನಿಂತಾಗ ಎಂಜಿನ್ ಸದ್ದು ಬದಲಾಗುತ್ತದೆ. ಇನ್ನೊಂದು ಉಪಾಯ, ಮೂರಡಿ ಉದ್ದದ ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಜಾಯಿಂಟ್ ಉದ್ದಕ್ಕೂ ಮೆಲ್ಲಗೆ ಸರಿಸುತ್ತಾ ಹೋಗಿ. ಲೀಕ್ ಇರುವ ಕಡೆ 'ಸ್‌ಸ್' ಅನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಫ್ಯಾನ್ ಹತ್ತಿರ ಮಾತ್ರ ಪೈಪೂ ಬೇಡ, ತಲೆಯೂ ಬೇಡ.

ಪ್ಲಗ್‌ಗಳೂ ಸುಳಿವು ಕೊಡುತ್ತವೆ. ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರ್‌ಗೆ ಇಂಟೇಕ್ ಪೋರ್ಟ್ (ಗಾಳಿ ಒಳಹೋಗುವ ತೂತು) ಇರುವುದು ಎರಡೇ. 1 ಮತ್ತು 2ನೇ ಸಿಲಿಂಡರ್‌ಗೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಹಾಗಾಗಿ ಒಂದು ಪೋರ್ಟ್‌ನಲ್ಲಿ ಗಾಳಿ ನುಗ್ಗಿದರೆ ಎರಡು ಪ್ಲಗ್ ಒಟ್ಟಿಗೆ ಬೆಳ್ಳಗಾಗುತ್ತವೆ. ಮುಂದಿನ ಎರಡು ಸುಣ್ಣದ ಹಾಗೆ, ಹಿಂದಿನ ಎರಡು ಕಂದು ಬಣ್ಣ ಅಂದರೆ ಮುಂದಿನ ಪೋರ್ಟ್ ಮೇಲೆ ಕಣ್ಣಿಡಿ. ನಾಲ್ಕೂ ಬೆಳ್ಳಗಿದ್ದರೆ ಕಾರ್ಬೊರೇಟರ್ ಬುಡವನ್ನು ಮೊದಲು ನೋಡಿ.

ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡವರಿಗೆ ಒಂದು ಮಾತು. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕು ಅಂತ ಪುಸ್ತಕಗಳಲ್ಲಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಮಂಗಳೂರಿನಲ್ಲಿ 19 ತೋರಿಸುವ ಗಾಡಿ ಇಲ್ಲಿ 16 ತೋರಿಸಿದರೆ ಗಾಬರಿಯಾಗಿ ಮ್ಯಾನಿಫೋಲ್ಡ್ ಬಿಚ್ಚಬೇಡಿ.

ಈ ಎಂಜಿನ್‌ನ ತರಲೆ

ಬಾನೆಟ್ ಎತ್ತಿದರೆ ಮ್ಯಾನಿಫೋಲ್ಡ್ ಎಂಜಿನ್‌ನ ಎಡಪಕ್ಕದಲ್ಲಿದೆ, ಸ್ಟೀರಿಂಗ್ ಇಲ್ಲದ ಕಡೆ. ಹೆಡ್ಡಿನ ಮುಖದಲ್ಲಿ ಸಾಲಾಗಿ ಐದು ತೂತು: ಎಕ್ಸಾಸ್ಟ್, ಇಂಟೇಕ್, ಎಕ್ಸಾಸ್ಟ್, ಇಂಟೇಕ್, ಎಕ್ಸಾಸ್ಟ್. ಎಲ್ಲಕ್ಕೂ ಸೇರಿ ಒಂದೇ ಗ್ಯಾಸ್ಕೆಟ್, ಅಂದರೆ ನಡುವಿನ ಪ್ಯಾಕಿಂಗ್. ಇಂಟೇಕ್‌ಗೂ ಎಕ್ಸಾಸ್ಟ್‌ಗೂ ಬೇರೆ ಬೇರೆ ನಟ್ಟು ಇದೆ ಅಂದುಕೊಂಡಿದ್ದರೆ, ಅಲ್ಲೇ ಇರುವುದು ತರಲೆ. ಎರಡರ ಫ್ಲ್ಯಾಂಜ್‌ಗಳು ಅಕ್ಕಪಕ್ಕ ಬರುವ ಕಡೆ ಸ್ಟಡ್ (ಹೆಡ್ಡಿಗೆ ಕೂರಿಸಿದ ಥ್ರೆಡ್ ಇರುವ ಸರಳು) ಎರಡರ ನಡುವಿನಿಂದ ಹೊರಬರುತ್ತದೆ. ಅದರ ಮೇಲೊಂದು ದೊಡ್ಡ ದಪ್ಪ ವಾಷರ್. ಅದರ ಅರ್ಧ ಇಂಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂರುತ್ತದೆ. ನಟ್ಟು ಒಂದು, ಅದು ಒತ್ತಬೇಕಾದ ಸಾಮಾನು ಎರಡು.

ಎರಡೂ ಫ್ಲ್ಯಾಂಜ್ ಒಂದೇ ದಪ್ಪ ಇದ್ದರೆ ಸಮಸ್ಯೆ ಇಲ್ಲ. ಎಕ್ಸಾಸ್ಟ್ ಫ್ಲ್ಯಾಂಜ್ ಕಾಲು ಮಿಲಿಮೀಟರ್ ದಪ್ಪ ಇದ್ದರೂ ವಾಷರ್ ವಾಲುತ್ತದೆ. ಬಲವೆಲ್ಲ ಎಕ್ಸಾಸ್ಟ್ ಮೇಲೆ ಹೋಗುತ್ತದೆ. ಟಾರ್ಕ್ ರೆಂಚ್ ಮಾತ್ರ 'ಕ್ಲಿಕ್' ಅನ್ನುತ್ತದೆ, ನೀವು ಸರಿಯಾಯಿತು ಅಂದುಕೊಳ್ಳುತ್ತೀರಿ. ಇಂಟೇಕ್ ಮೇಲೆ ಒತ್ತಡವೇ ಇಲ್ಲ. ಹಳೇದು ಒಡೆದು ಬೇರೆ ಎಂಜಿನ್‌ನಿಂದ ತಂದ ಎಕ್ಸಾಸ್ಟ್ ಹಾಕಿದ ಗಾಡಿಗಳಲ್ಲಿ, ಅಥವಾ ಒಂದಕ್ಕೆ ಮಾತ್ರ ಲೇತ್‌ನಲ್ಲಿ ಫೇಸಿಂಗ್ ಹೊಡೆಸಿದ (ಮುಖ ಕೆತ್ತಿಸಿ ಚಪ್ಪಟೆ ಮಾಡಿಸಿದ) ಗಾಡಿಗಳಲ್ಲಿ ಈ ತೊಂದರೆ ಇದ್ದೇ ಇರುತ್ತದೆ. 'ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ' ಅನ್ನುವ ಅಂಬಾಸಿಡರ್‌ಗಳಲ್ಲಿ ನಾನು ಮೊದಲು ನೋಡುವುದು ಈ ವಾಷರ್‌ಗಳನ್ನೇ.

ಬೇಕಾದ ಸಾಮಾನು

ಇಲ್ಲಿನ ನಟ್ಟು 5/16 ಇಂಚಿನದು. ಅದಕ್ಕೆ ಅರ್ಧ ಇಂಚಿನ ಎಎಫ್ ಸ್ಪ್ಯಾನರ್ ಬೇಕು (ಎಎಫ್ ಅಂದರೆ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಳತೆ). ನಮ್ಮಲ್ಲಿ ಎಲ್ಲರೂ 13 ನಂಬರ್ ಹಾಕುತ್ತಾರೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, 13 ಹಾಕಿದರೆ ಸ್ವಲ್ಪ ಸಡಿಲ. ಕಬ್ಬಿಣದ ನಟ್ಟಾದರೆ ಹೇಗೋ ನಡೆಯುತ್ತದೆ. ಮ್ಯಾನಿಫೋಲ್ಡ್‌ಗೆ ಹಿತ್ತಾಳೆ ನಟ್ಟು ಹಾಕುವುದು ವಾಡಿಕೆ, ಯಾಕೆಂದರೆ ಅದು ಎಷ್ಟು ಕಾದರೂ ಸ್ಟಡ್‌ಗೆ ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ. ಮೆತ್ತಗಿನ ಹಿತ್ತಾಳೆಗೆ ಸಡಿಲ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ. ಆಮೇಲೆ ಕಟಿಂಗ್ ಪ್ಲೇಯರ್, ಉಳಿ, ಸುತ್ತಿಗೆ. ಬೆಂಗಳೂರಿನಲ್ಲಾದರೆ ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಇಂಚಿನ ರಿಂಗ್ ಸ್ಪ್ಯಾನರ್ ಕೇಳಿ, ಸಿಗುತ್ತದೆ. ಗ್ಯಾಸ್ಕೆಟ್‌ಗೆ, ಸ್ಟಡ್ಡಿಗೆ ಜೆಸಿ ರಸ್ತೆ ಇದ್ದೇ ಇದೆ.

ಟಾರ್ಕ್ ರೆಂಚ್ ಕೊಳ್ಳುವುದಾದರೆ ಸಣ್ಣದು ಕೊಳ್ಳಿ. ಚಕ್ರಕ್ಕೆ ಬಳಸುವ ಅರ್ಧ ಇಂಚಿನ ರೆಂಚ್‌ನಲ್ಲಿ ಅಳತೆ ಹೆಚ್ಚಾಗಿ 28 ನ್ಯೂಟನ್ ಮೀಟರ್‌ನಿಂದ ಶುರು. ನಮಗೆ ಬೇಕಿರುವುದು 20. 5ರಿಂದ 25, ಅಥವಾ 10ರಿಂದ 60ರವರೆಗೆ ಅಳೆಯುವ ರೆಂಚ್ ಸರಿ. ಇದರಿಂದ ನಟ್ಟು ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ತುದಿಗೆ ಇಳಿಸಿಡಿ, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ.

ಕಾರ್ಬೊರೇಟರ್ ಕೆಳಗಿನ ನಟ್ಟುಗಳಿಗೆ ಸಾಕೆಟ್ ಹೋಗುವುದೇ ಕಷ್ಟ. ಅಂಥ ಕಡೆಗೆ ನನಗೆ ಇಷ್ಟವಾದ ಉಪಾಯ ಒಂದಿದೆ. ಪ್ರಯಾಣಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುತ್ತೇವಲ್ಲ, ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ, ಅದನ್ನು ತನ್ನಿ. ರಿಂಗ್ ಸ್ಪ್ಯಾನರ್‌ನ ಒಂದು ತುದಿ ನಟ್ಟಿಗೆ, ಇನ್ನೊಂದು ತುದಿಯ ರಿಂಗ್‌ಗೆ ತಕ್ಕಡಿಯ ಕೊಕ್ಕೆ. ನಟ್ಟಿನ ನಡುವಿನಿಂದ ಕೊಕ್ಕೆಯವರೆಗೆ ಸ್ಕೇಲ್ ಇಟ್ಟು ಅಳೆಯಿರಿ. 20 ಸೆಂಟಿಮೀಟರ್ ಇದ್ದರೆ 10.5 ಕೆಜಿ ಎಳೆತಕ್ಕೆ 2.1 ಕೆಜಿ-ಮೀಟರ್ ಆಯಿತು. 15 ಸೆಂಟಿಮೀಟರ್ ಆದರೆ 14 ಕೆಜಿ. ತಕ್ಕಡಿ ಸ್ಪ್ಯಾನರ್‌ಗೆ ನೇರ ಲಂಬವಾಗಿರಬೇಕು, ಓರೆ ಎಳೆದರೆ ಲೆಕ್ಕ ತಪ್ಪುತ್ತದೆ. ಎಳೆಯುವುದು ನಿಧಾನವಾಗಿ, ಜರ್ಕ್ ಕೊಡದೆ. ಹಳೇ ಕಾಲದವರು ಕೆಜಿ-ಮೀಟರ್ ಲೆಕ್ಕ ಇಟ್ಟಿದ್ದು ಎಷ್ಟು ಅನುಕೂಲ ಅಂತ ಆಗ ಗೊತ್ತಾಗುತ್ತದೆ.

ಉಳಿದದ್ದು ಮಾಮೂಲಿ: ತುಕ್ಕು ಬಿಡಿಸುವ ಎಣ್ಣೆ, ಫೀಲರ್ ಗೇಜ್, ನೇರವಾದ ಸ್ಟೀಲ್ ಪಟ್ಟಿ, ಮರದ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್, ವೈರ್ ಬ್ರಶ್, ಬನಿಯನ್ ಬಟ್ಟೆ, ಹೊಸ ಗ್ಯಾಸ್ಕೆಟ್, ಹೊಸ ಹಿತ್ತಾಳೆ ನಟ್ಟು.

ಬಿಚ್ಚುವಾಗ

ಎಂಜಿನ್ ಪೂರ್ತಿ ತಣ್ಣಗಿರಲಿ. ಹಿಂದಿನ ರಾತ್ರಿಯೇ ಸ್ಟಡ್‌ಗಳ ಬುಡಕ್ಕೆ ಎಣ್ಣೆ ಬಿಟ್ಟು ಮಲಗಿ. ಬೆಳಿಗ್ಗೆ ಮೊದಲ ಕೆಲಸ ಬ್ಯಾಟರಿಯ ಅರ್ತ್ ತಂತಿ ಬಿಚ್ಚುವುದು, ಎರಡನೆಯದು ಪೆಟ್ರೋಲ್ ಪೈಪು ಕಳಚಿ ತುದಿಗೆ ಬಿರಡೆ ಹಾಕುವುದು. ಆಮೇಲೆ ಏರ್ ಫಿಲ್ಟರ್, ಥ್ರಾಟಲ್, ಚೋಕ್ ಕೇಬಲ್, ಕಾರ್ಬೊರೇಟರ್. ಕೆಳಗೆ ಸೈಲೆನ್ಸರ್ ಪೈಪಿನ ಕ್ಲ್ಯಾಂಪನ್ನೂ ಸಡಿಲ ಮಾಡಬೇಕು. ಇಲ್ಲವಾದರೆ ಎಕ್ಸಾಸ್ಟ್ ಹಿಂದಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ವಾಪಸ್ ಹಾಕುವಾಗ ಆ ಪೈಪು ಮ್ಯಾನಿಫೋಲ್ಡನ್ನು ಕೆಳಕ್ಕೆ ಜಗ್ಗುತ್ತಲೇ ಇರುತ್ತದೆ.

ನಟ್ಟುಗಳನ್ನು ತುದಿಯಿಂದ ನಡುವಿನ ಕಡೆಗೆ ಸಡಿಲ ಮಾಡುತ್ತಾ ಬನ್ನಿ, ಒಂದೊಂದಕ್ಕೆ ಕಾಲು ಸುತ್ತು. ನಟ್ಟಿನ ಬದಲು ಸ್ಟಡ್ಡೇ ತಿರುಗಿ ಹೊರಬಂದರೆ ಬೇಸರ ಬೇಡ, ಮುರಿಯುವುದಕ್ಕಿಂತ ವಾಸಿ. ಜಗ್ಗಿಯೇ ಬಿಚ್ಚುತ್ತೇನೆ ಅಂತ ಹಠ ಹಿಡಿದರೆ ಸ್ಟಡ್ ಹೆಡ್ಡಿನ ಒಳಗೇ ಮುರಿಯುತ್ತದೆ. ಹಾಗಾದರೆ ಮನೆಯಲ್ಲಿ ಡ್ರಿಲ್ ಹಿಡಿದು ಸಾಹಸ ಮಾಡಬೇಡಿ, ಲೇತ್ ಅಂಗಡಿಯವರಿಗೆ ಬಿಡಿ.

ದಪ್ಪ ವಾಷರ್‌ಗಳನ್ನು ಯಾವುದು ಎಲ್ಲಿತ್ತು ಅಂತ ಗುರುತು ಹಾಕಿಟ್ಟುಕೊಳ್ಳಿ. ಅವುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಹಳೇ ಕಥೆ ಗೊತ್ತಾಗುತ್ತದೆ. ಒಂದೇ ಅರ್ಧದಲ್ಲಿ ಹೊಳಪು, ಇನ್ನೊಂದರ್ಧದಲ್ಲಿ ಮಸಿ ಇದ್ದರೆ ಅದು ಒಂದೇ ಕಡೆ ಒತ್ತುತ್ತಿತ್ತು. ಬಟ್ಟಲಿನ ಹಾಗೆ ಬಾಗಿದ್ದರೆ ಎಸೆದು ಹೊಸದು ಹಾಕಿ. ಅಂಗಡಿಯಲ್ಲಿ ಸಿಗುವ ತೆಳು ವಾಷರ್ ಅದರ ಜಾಗಕ್ಕೆ ಆಗುವುದಿಲ್ಲ.

ಮುಖ ಚೊಕ್ಕಟ, ಮುಖ ಚಪ್ಪಟೆ

ಈ ಭಾಗಕ್ಕೆ ಸಮಯ ಜಾಸ್ತಿ ಕೊಡಿ. ಬಿಗಿ ಮಾಡುವುದು ಹತ್ತು ನಿಮಿಷದ ಕೆಲಸ, ಇದು ಅರ್ಧ ದಿನದ್ದು.

ಹೆಡ್ಡಿನ ಪೋರ್ಟ್‌ಗಳಿಗೆ ಬಟ್ಟೆ ತುರುಕಿ. ಹಳೇ ಗ್ಯಾಸ್ಕೆಟ್‌ನ ಒಂದು ಚೂರು ಒಳಗೆ ಬಿದ್ದರೆ ಅದು ನೇರ ವಾಲ್ವ್‌ಗೆ ಹೋಗುತ್ತದೆ. ತುಂಬ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ, ಏರ್ ಗನ್ ಹೊಡೆಯಬೇಡಿ. ನೀರಲ್ಲಿ ನೆನೆಸಿ, ಹಸಿಯಾಗಿಯೇ ಕೆರೆದು ತೆಗೆಯಿರಿ, ಮುಖಕ್ಕೆ ಮಾಸ್ಕ್ ಇರಲಿ. ಹೆಡ್ಡು ಬೀಡು ಕಬ್ಬಿಣದ್ದು, ಸ್ಕ್ರೇಪರ್ ತಡೆಯುತ್ತದೆ. ಇಂಟೇಕ್ ಅಲ್ಯೂಮಿನಿಯಂ ಆಗಿರಬಹುದು, ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಅಂಟದಿದ್ದರೆ ಅಲ್ಯೂಮಿನಿಯಂ, ಅದಕ್ಕೆ ಮರದ ತುಂಡೇ ಸರಿ. ಗೀರು ಬಿದ್ದರೆ ಅದೇ ನಾಳೆ ಗಾಳಿಯ ದಾರಿ.

ಆಮೇಲೆ ಸ್ಟೀಲ್ ಪಟ್ಟಿಯನ್ನು ಮುಖದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. 0.1 ಮಿಲಿಮೀಟರ್ ಎಲೆ ಒಳಗೆ ಹೋಯಿತಾ? ಹಾಗಾದರೆ ಫೇಸಿಂಗ್ ಹೊಡೆಸಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾದು ತಣಿದು ಬಾಳೆಕಾಯಿ ಥರ ಬಾಗಿರುವುದು ಮಾಮೂಲು.

ಫೇಸಿಂಗ್‌ಗೆ ಕೊಡುವಾಗ ಎರಡೂ ಮ್ಯಾನಿಫೋಲ್ಡನ್ನು ಒಟ್ಟಿಗೆ ಕೊಡಿ. ವಾಪಸ್ ಬಂದ ಮೇಲೆ ಎರಡನ್ನೂ ಒಂದು ದಪ್ಪ ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಅಕ್ಕಪಕ್ಕ ಇಡಿ, ಹೆಡ್ಡಿನ ಮೇಲೆ ಕೂರುವ ಹಾಗೇ. ದಪ್ಪ ವಾಷರನ್ನು ಎರಡು ಫ್ಲ್ಯಾಂಜ್‌ಗಳ ಮೇಲೂ ಬರುವಂತೆ ಇಟ್ಟು ಬೆರಳಿಂದ ಒತ್ತಿ. ವಾಷರ್ ಟಕಟಕ ಅಂತ ಆಡಿದರೆ ದಪ್ಪದಲ್ಲಿ ವ್ಯತ್ಯಾಸ ಇದೆ. ವರ್ನಿಯರ್‌ನಲ್ಲಿ ಅಳೆದು, ಜಾಸ್ತಿ ಇರುವ ಫ್ಲ್ಯಾಂಜ್‌ನ ಹೊರಮುಖದಲ್ಲಿ, ವಾಷರ್ ಕೂರುವ ಜಾಗದಲ್ಲಿ ಮಾತ್ರ ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಿ ಸಮ ಮಾಡಿ. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಅರ ಮುಟ್ಟಿಸಬೇಡಿ.

ಥ್ರೆಡ್ ಗಲಾಟೆ

5/16 ಇಂಚು ಅಂದರೆ 7.94 ಮಿಲಿಮೀಟರ್. ಮೆಟ್ರಿಕ್ ನಟ್ಟಿನ ಎಂ8 ಅಂದರೆ 8. ಕಣ್ಣಿಗೆ ಎರಡೂ ಒಂದೇ. ಥ್ರೆಡ್ ಮಾತ್ರ ಬೇರೆ. ನಮ್ಮ ಸ್ಟಡ್‌ನದು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಥ್ರೆಡ್. ಯುಎನ್‌ಎಫ್‌ನಲ್ಲಿ ಇಂಚಿಗೆ 24 ಥ್ರೆಡ್, ಅಂದರೆ ಒಂದಕ್ಕೊಂದು ಹತ್ತಿರ ಹತ್ತಿರ 1.06 ಮಿಲಿಮೀಟರ್ ದೂರ. ಮಾಮೂಲಿ ಎಂ8ರಲ್ಲಿ 1.25. ಎಂ8 ನಟ್ಟನ್ನು ಈ ಸ್ಟಡ್‌ಗೆ ಹಾಕಿದರೆ ಒಂದು ಸುತ್ತು ಹತ್ತಿದ ಹಾಗೆ ಮಾಡಿ ಹಿಡಿದುಕೊಳ್ಳುತ್ತದೆ. 'ತುಕ್ಕು ಹಿಡಿದಿರಬೇಕು' ಅಂತ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎರಡೂ ಹಾಳು. ಎಷ್ಟೋ ಕೈ ದಾಟಿ ಬಂದ ಗಾಡಿಯಲ್ಲಿ ಒಂದೆರಡು ಸ್ಟಡ್ ಎಂ8ಕ್ಕೆ ಬದಲಾಗಿರುವುದೂ ಉಂಟು. ಥ್ರೆಡ್ ಗೇಜ್ ಇಟ್ಟು ಒಂದೊಂದನ್ನೂ ನೋಡಿ. ಗೇಜ್ ಇಲ್ಲವಾ? ಹೊಸ ನಟ್ಟನ್ನು ಬೆರಳಲ್ಲೇ ತಿರುಗಿಸಿ ಸ್ಟಡ್‌ನ ಬುಡದವರೆಗೆ ಕಳಿಸಿ. ಬೆರಳಲ್ಲಿ ಹೋಗದ ನಟ್ಟಿಗೆ ಸ್ಪ್ಯಾನರ್ ಮುಟ್ಟಿಸಬಾರದು.

ಸ್ಟಡ್‌ಗಳನ್ನು ವೈರ್ ಬ್ರಶ್‌ನಿಂದ ಉಜ್ಜಿ, ರಾತ್ರಿ ಬಿಟ್ಟ ಎಣ್ಣೆಯನ್ನೆಲ್ಲ ಒರೆಸಿ ಒಣಗಿಸಿ. 'ಎಣ್ಣೆ ಇದ್ದರೆ ಒಳ್ಳೇದಲ್ವಾ?' ಅಂತ ಕೇಳುತ್ತಾರೆ. ಸ್ಪ್ಯಾನರ್‌ಗೆ ನೀವು ಕೊಡುವ ಬಲದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ತಿಕ್ಕಾಟಕ್ಕೇ ಹೋಗುತ್ತದೆ. ಸ್ಟಡ್ಡನ್ನು ಎಳೆದು ಒತ್ತಡ ಕೊಡುವುದು ಉಳಿದ ಹತ್ತು ಭಾಗ ಮಾತ್ರ. ಎಣ್ಣೆ ಹಚ್ಚಿ ತಿಕ್ಕಾಟ ತಗ್ಗಿಸಿದರೆ ಅದೇ 20 ನ್ಯೂಟನ್ ಮೀಟರ್‌ಗೆ ಒತ್ತಡ ಎಷ್ಟೋ ಜಾಸ್ತಿಯಾಗಿಬಿಡುತ್ತದೆ. ಪುಸ್ತಕದಲ್ಲಿ ಎಣ್ಣೆ ಹಚ್ಚಿ ಅಂತ ಇಲ್ಲದಿದ್ದರೆ ಆ ಅಂಕಿ ಒಣ ಥ್ರೆಡ್‌ನದು ಅಂತಲೇ ತಿಳಿಯಿರಿ.

ಕೂರಿಸುವುದು, ಬಿಗಿ ಮಾಡುವುದು

ಗ್ಯಾಸ್ಕೆಟ್ ಒಣದಾಗಿಯೇ ಹಾಕಿ. ಅನಾಬಾಂಡ್, ಶೆಲ್ಲಾಕ್ ಥರದ ಅಂಟು ಯಾವುದೂ ಬೇಡ. ಎಕ್ಸಾಸ್ಟ್ ಕಾವಿಗೆ ಅದು ಸುಟ್ಟು ಪುಡಿಯಾಗುತ್ತದೆ, ಪುಡಿ ಹೋದ ಜಾಗ ಸಂದಿ. ಗ್ಯಾಸ್ಕೆಟ್‌ನ ಒಂದು ಮುಖ ತೂತು ತೂತಿನ ತಗಡು ಇದ್ದರೆ ಆ ಮುಖ ಮ್ಯಾನಿಫೋಲ್ಡ್ ಕಡೆಗೆ ಬರಬೇಕು. ಪೋರ್ಟ್‌ಗಳ ತೂತು ಗ್ಯಾಸ್ಕೆಟ್‌ನ ತೂತಿಗೆ ಹೊಂದುತ್ತದಾ ಅಂತ ಒಮ್ಮೆ ಹಿಡಿದು ನೋಡಿ. ಪೋರ್ಟ್‌ಗೆ ತುರುಕಿದ ಬಟ್ಟೆ ತೆಗೆದಿರಾ? ಇದನ್ನು ಕೇಳುತ್ತಿರುವುದು ಸುಮ್ನೆ ಅಲ್ಲ.

ಕೆಲವು ಮ್ಯಾನಿಫೋಲ್ಡ್‌ಗಳಲ್ಲಿ ಇಂಟೇಕ್ ನಡುಭಾಗವನ್ನು ಎಕ್ಸಾಸ್ಟ್ ಮೇಲೆ ಕೂರಿಸಿ ಬೋಲ್ಟ್ ಹಾಕಿರುತ್ತಾರೆ, ಪೆಟ್ರೋಲ್ ಆವಿಯಾಗಲು ಬಿಸಿ ಸಿಗಲಿ ಅಂತ. ನಿಮ್ಮದರಲ್ಲಿ ಹಾಗಿದ್ದರೆ ಆ ಬೋಲ್ಟ್‌ಗಳನ್ನು ಈಗ ಬೆರಳಲ್ಲಿ ಹಿಡಿಯುವಷ್ಟು ಮಾತ್ರ ಹಾಕಿ. ಎರಡನ್ನೂ ಮೊದಲೇ ಗಟ್ಟಿಯಾಗಿ ಜೋಡಿಸಿಟ್ಟು ಆಮೇಲೆ ಹೆಡ್ಡಿಗೆ ಹಾಕಿದರೆ ಎರಡರ ಮುಖ ಒಂದೇ ಮಟ್ಟಕ್ಕೆ ಬರುವುದಿಲ್ಲ. ಬಿಗಿ ಮಾಡುವಾಗ ಯಾವುದೋ ಒಂದು ಬಿರುಕು ಬಿಡುತ್ತದೆ.

ಮ್ಯಾನಿಫೋಲ್ಡ್ ಕೂರಿಸಿ, ವಾಷರ್ ಹಾಕಿ, ಎಲ್ಲ ನಟ್ಟುಗಳನ್ನೂ ಬೆರಳಲ್ಲಿ ತಿರುಗಿಸಿ ನಿಲ್ಲಿಸಿ. ದಪ್ಪ ವಾಷರ್‌ಗಳು ಎರಡೂ ಫ್ಲ್ಯಾಂಜ್ ಮೇಲೆ ಸಮವಾಗಿ ಕೂತಿವೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಸೈಲೆನ್ಸರ್ ಪೈಪು ಇನ್ನೂ ಸಡಿಲವಾಗಿಯೇ ಇರಲಿ.

ಇನ್ನು ಕ್ರಮ. ಅಕ್ಕಿ ರೊಟ್ಟಿ ತಟ್ಟುವಾಗ ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತಾ ಹೋಗುತ್ತೇವಲ್ಲ, ಇಲ್ಲೂ ಅದೇ. ತುದಿಯ ನಟ್ಟುಗಳನ್ನು ಮೊದಲು ಬಿಗಿ ಮಾಡಿದರೆ ಗ್ಯಾಸ್ಕೆಟ್‌ನ ಉಬ್ಬು ನಡುವೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಹೊರಹೋಗಲು ದಾರಿ ಇರುವುದಿಲ್ಲ. ರೇಡಿಯೇಟರ್ ಕಡೆಯಿಂದ ನಟ್ಟುಗಳಿಗೆ ನಂಬರ್ ಕೊಡಿ. ಆರು ಇದ್ದರೆ ಕ್ರಮ ಹೀಗೆ: 3, 4, 2, 5, 1, 6. ಫ್ಲ್ಯಾಂಜ್ ಮೇಲೆ ಚಾಕ್‌ಪೀಸಿನಲ್ಲಿ ಬರೆದುಕೊಂಡರೆ ನಡುವೆ ಯಾರಾದರೂ ಮಾತಾಡಿಸಿದರೂ ಲೆಕ್ಕ ತಪ್ಪುವುದಿಲ್ಲ.

1. ಮೊದಲ ಸುತ್ತು: ಈ ಕ್ರಮದಲ್ಲಿ 7 ನ್ಯೂಟನ್ ಮೀಟರ್. ತಕ್ಕಡಿ ಲೆಕ್ಕದಲ್ಲಿ 20 ಸೆಂಟಿಮೀಟರ್‌ಗೆ ಮೂರೂವರೆ ಕೆಜಿ. ಫ್ಲ್ಯಾಂಜ್ ಬಂದು ಗ್ಯಾಸ್ಕೆಟ್ ಮುಟ್ಟಿದರೆ ಸಾಕು.
2. ಎರಡನೇ ಸುತ್ತು: ಅದೇ ಕ್ರಮ, 14 ನ್ಯೂಟನ್ ಮೀಟರ್. ತಕ್ಕಡಿಯಲ್ಲಿ ಸುಮಾರು 7 ಕೆಜಿ.
3. ಮೂರನೇ ಸುತ್ತು: 20 ನ್ಯೂಟನ್ ಮೀಟರ್.
4. ಮತ್ತೊಮ್ಮೆ 20ಕ್ಕೇ, ಅದೇ ಕ್ರಮದಲ್ಲಿ.

ನಾಲ್ಕನೇ ಸುತ್ತನ್ನು ಬಿಡಬೇಡಿ. ಕೊನೆಯ ನಟ್ಟು ಬಿಗಿಯಾಗುವ ಹೊತ್ತಿಗೆ ಗ್ಯಾಸ್ಕೆಟ್ ಕುಗ್ಗಿ ಮೊದಲಿನ ನಟ್ಟು ಸಡಿಲವಾಗಿರುತ್ತದೆ. 3ನೇ ನಂಬರ್‌ಗೆ ರೆಂಚ್ ಹಾಕಿದರೆ ಅದು ಇನ್ನೂ ಎಂಟನೇ ಒಂದು ಸುತ್ತು ತಿರುಗಿ ಆಮೇಲೆ ಕ್ಲಿಕ್ ಅನ್ನುವುದನ್ನು ನೀವೇ ನೋಡುತ್ತೀರಿ. ಕ್ಲಿಕ್ ಕೇಳಿದ ಕೂಡಲೇ ಕೈ ಬಿಡಿ. 'ಇರಲಿ, ಇನ್ನೊಂದು ಚೂರು' ಅಂತ ಎರಡನೇ ಸಲ ಕ್ಲಿಕ್ ಮಾಡಿಸುವುದು ನಮ್ಮವರಿಗೆಲ್ಲ ಇರುವ ಚಟ. ಆ ಚೂರಿಗೇ ಹಿತ್ತಾಳೆ ನಟ್ಟಿನ ಥ್ರೆಡ್ ಸ್ಲಿಪ್ ಆಗುವುದು. ಇಂಪ್ಯಾಕ್ಟ್ ಗನ್ ಅಂತೂ ಈ ಕೆಲಸದ ಹತ್ತಿರ ಬರಲೇಬಾರದು.

ಯಾವುದಾದರೂ ನಟ್ಟು ತಿರುಗುತ್ತಲೇ ಇದೆ, ಬಲ ಏರುತ್ತಿಲ್ಲ ಅಂದರೆ ನಿಲ್ಲಿಸಿ. ಥ್ರೆಡ್ ಹೋಗುತ್ತಿದೆ, ಅಥವಾ ಸ್ಟಡ್ ಹೆಡ್ಡಿನಿಂದ ಎದ್ದು ಬರುತ್ತಿದೆ. ಈಗಲೇ ಬಿಚ್ಚಿ ಸರಿಮಾಡಿದರೆ ಒಂದು ಗಂಟೆ ಹೋಗುತ್ತದೆ, ಅಷ್ಟೇ.

ಹೆಡ್ಡಿನ ನಟ್ಟುಗಳು ಮುಗಿದ ಮೇಲೆ ಇಂಟೇಕ್-ಎಕ್ಸಾಸ್ಟ್ ನಡುವಿನ ಬೋಲ್ಟ್‌ಗಳನ್ನು ಬಿಗಿ ಮಾಡಿ. ಕಟ್ಟಕಡೆಗೆ ಸೈಲೆನ್ಸರ್ ಪೈಪಿನ ಕ್ಲ್ಯಾಂಪ್.

ಬಿಸಿಯಾಗಿ ತಣಿದ ಮೇಲೆ

ಎಲ್ಲ ವಾಪಸ್ ಹಾಕಿ ಸ್ಟಾರ್ಟ್ ಮಾಡಿ. ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಕೊಂಡು, ಎಂಜಿನ್ ಪೂರ್ತಿ ಕಾಯುವ ತನಕ ಓಡಿಸಿ. ರಾತ್ರಿಯಿಡೀ ತಣಿಯಲು ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಅದೇ ಕ್ರಮದಲ್ಲಿ 20ಕ್ಕೆ ಇನ್ನೊಂದು ಸುತ್ತು. ಹೊಸ ಗ್ಯಾಸ್ಕೆಟ್ ಮೊದಲ ಕಾವಿಗೆ ಕೂರುತ್ತದೆ, ಹಾಗಾಗಿ ಒಂದೆರಡು ನಟ್ಟು ಸ್ವಲ್ಪ ತಿರುಗೇ ತಿರುಗುತ್ತದೆ. ಇದಾದ ಮೇಲೆ ಒಂದು 500 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಆಗಲೂ ಎಲ್ಲ ನಟ್ಟು ತಿರುಗುತ್ತಿದ್ದರೆ ಗ್ಯಾಸ್ಕೆಟ್ ಕಳಪೆ, ಅಥವಾ ಮುಖ ಚಪ್ಪಟೆ ಇಲ್ಲ. ಆಮೇಲೂ ತಿರುಗಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಬಿಸಿ ಎಂಜಿನ್ ಮೇಲೆ ಬಿಗಿ ಮಾಡಬೇಡಿ. ಕಾದಾಗ ಲೋಹ ಹಿಗ್ಗಿರುತ್ತದೆ, ಅಂಕಿ ನಂಬುವ ಹಾಗಿಲ್ಲ. ಕೈ ಸುಡುವುದು ಬೇರೆ.

ಮಾರುತಿ 800 ಮತ್ತು ಉಳಿದವು

ಕಾರ್ಬೊರೇಟರ್ ಇದ್ದ ಹಳೇ ಮಾರುತಿ 800ರ 796 ಸಿಸಿ ಎಂಜಿನ್‌ಗೂ ಈ ಕ್ರಮವೇ. ಬಲ ಕೂಡ ಹತ್ತಿರ ಹತ್ತಿರ ಅಷ್ಟೇ, 2 ಕೆಜಿ-ಮೀಟರ್ ಆಸುಪಾಸು. ವ್ಯತ್ಯಾಸ ಇರುವುದು ಲೋಹದಲ್ಲಿ. ಹೆಡ್ಡು ಅಲ್ಯೂಮಿನಿಯಂ. ಸ್ವಲ್ಪ ಜಾಸ್ತಿ ಜಗ್ಗಿದರೆ ಹೆಡ್ಡಿನ ಥ್ರೆಡ್ ದಾರದ ಹಾಗೆ ಸುರುಳಿಯಾಗಿ ಹೊರಬರುತ್ತದೆ. ಆಮೇಲೆ ಹೆಲಿಕಾಯಿಲ್ (ಹಾಳಾದ ತೂತಿಗೆ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಬೇಕು. ಇಲ್ಲಿ ಎಂ8ಕ್ಕೆ 12 ನಂಬರ್ ಸ್ಪ್ಯಾನರ್, ಜಪಾನಿ ಲೆಕ್ಕ. 13 ಇಲ್ಲೂ ಸಡಿಲವೇ. ಬೋಲ್ಟ್‌ಗಳು ಉದ್ದ ಗಿಡ್ಡ ಇದ್ದರೆ ರಟ್ಟಿನ ಮೇಲೆ ಮ್ಯಾನಿಫೋಲ್ಡ್ ಚಿತ್ರ ಬಿಡಿಸಿ ಬೋಲ್ಟ್‌ಗಳನ್ನು ಅದೇ ಜಾಗಕ್ಕೆ ಚುಚ್ಚಿಡಿ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ, ರೆಂಚ್ ಕ್ಲಿಕ್ ಅನ್ನುತ್ತದೆ, ಮ್ಯಾನಿಫೋಲ್ಡ್ ಮಾತ್ರ ಸಡಿಲ. ಮ್ಯಾನಿಫೋಲ್ಡ್ ಒಳಗೆ ಕೂಲೆಂಟ್ ಹರಿಯುವ ಗಾಡಿಗಳಲ್ಲಿ ಮೊದಲು ಕೂಲೆಂಟ್ ಇಳಿಸಿಕೊಳ್ಳಿ.

ಪುಸ್ತಕ ಸಿಗದ ಬೇರೆ ಗಾಡಿಗೆ ಒಂದು ಅಂದಾಜು: ಅಲ್ಯೂಮಿನಿಯಂಗೆ ಹೋಗುವ ಎಂ6 ಬೋಲ್ಟ್‌ಗೆ 10 ನ್ಯೂಟನ್ ಮೀಟರ್, ಎಂ8ಕ್ಕೆ 20. ಆದರೆ ಪುಸ್ತಕ ಸಿಕ್ಕರೆ ಪುಸ್ತಕವೇ ಸರಿ, ಅದೂ ನಿಮ್ಮ ಎಂಜಿನ್‌ನದೇ ಪುಸ್ತಕ. ಅಮೆರಿಕದಲ್ಲಿ ಹಳೇ ಷೆವರ್ಲೆ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಅವರ ಹಳೇ 350 ವಿ8 ಎಂಜಿನ್‌ನಲ್ಲಿ ಇಂಟೇಕ್ ಬೋಲ್ಟ್‌ಗೆ 30 ಫುಟ್-ಪೌಂಡ್. 1996ರಲ್ಲಿ ಬಂದ ವೋರ್ಟೆಕ್ ಹೆಡ್ಡಿನ 350ಕ್ಕೆ ಬರೀ 11. ಅಳತೆ ಅದೇ 5.7 ಲೀಟರ್, ಬಲ ಮೂರನೇ ಒಂದು ಭಾಗ ಚಿಲ್ಲರೆ.

ಅಂಬಾಸಿಡರ್‌ಗೆ ವಾಪಸ್ ಬಂದರೆ, ಇನ್ನೊಂದು ಕೆಲಸ ಬಾಕಿ ಇದೆ. ಲೀಕ್ ಇದ್ದ ದಿನಗಳಲ್ಲಿ ಗಾಡಿ ನಿಲ್ಲದಿರಲಿ ಅಂತ ಯಾರೋ ಐಡ್ಲಿಂಗ್ ಸ್ಕ್ರೂ ಏರಿಸಿ, ಮಿಕ್ಸ್ಚರ್ ಗಟ್ಟಿ ಮಾಡಿಟ್ಟಿರುತ್ತಾರೆ. ಈಗ ಆ ಗಾಳಿ ಇಲ್ಲ. ಹಾಗೇ ಬಿಟ್ಟರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಕಾರ್ಬೊರೇಟರ್ ಎಸ್‌ಯು ಕಂಪನಿಯದಿರಲಿ ಸೋಲೆಕ್ಸ್‌ನದಿರಲಿ, ಎಂಜಿನ್ ಕಾದ ಮೇಲೆ ಮೊದಲು ಐಡ್ಲಿಂಗ್ ಇಳಿಸಿ, ಆಮೇಲೆ ಮಿಕ್ಸ್ಚರ್ ಸೆಟ್ ಮಾಡಿ, ಮತ್ತೆ ಐಡ್ಲಿಂಗ್ ನೋಡಿ. ನೂರು ಕಿಲೋಮೀಟರ್ ಆದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ನಾಲ್ಕೂ ಒಂದೇ ಕಂದು ಬಣ್ಣ ಇದ್ದರೆ ಕೆಲಸ ಆಯಿತು. ಮುಂದಿನ ಎರಡು ಇನ್ನೂ ಬಿಳಿ ಇದ್ದರೆ ಮುಂದಿನ ಪೋರ್ಟ್ ಪಕ್ಕದ ದಪ್ಪ ವಾಷರನ್ನು ಮತ್ತೊಮ್ಮೆ ಬಿಚ್ಚಿ ನೋಡಿ.